ನಮ್ಮ ತಂಬೂರಿಗೆ ಹೊಸ ತಂತಿ

ತಂಬೂರಿಯನ್ನು ನೋಡದವರು ನಮ್ಮ ಕಡೆ ಯಾರೂ ಇಲ್ಲ. ಭಜನೆಯಲ್ಲಿ, ಪುರಾಣದಲ್ಲಿ, ಮಠದ ಜಾತ್ರೆಯಲ್ಲಿ ಅದು ಇದ್ದೇ ಇರುತ್ತದೆ. ಆದರೆ ಅದಕ್ಕೆ ಹಾಕುವ ತಂತಿ ಯಾವ ಲೋಹದ್ದು, ಎಷ್ಟು ದಪ್ಪದ್ದು ಎಂದು ಕೇಳಿದರೆ ಹೆಚ್ಚಿನವರು ಪಕ್ಕದವರ ಮುಖ ನೋಡುತ್ತಾರೆ. ನಾವೂ ಅಂಥವರೇ ಆಗಿದ್ದೆವು. ನಾಲ್ಕೇ ನಾಲ್ಕು ತಂತಿಗಳನ್ನು ಆರಿಸಲು ನಮಗೆ ಈ ವರ್ಷ ಹೆಚ್ಚು ಕಡಿಮೆ ಮೂರು ತಿಂಗಳು ಹಿಡಿಯಿತು. ‘ನಾವು’ ಎಂದರೆ ಹತ್ತನೆಯ ಇಯತ್ತೆಯ ಏಳು ಮಂದಿ, ಹಾಡು ಕಲಿಸುವ ಅಕ್ಕೋರು ಮತ್ತು ವಿಜ್ಞಾನದ ಸರ್. ಬರೆದವರು ಏಳು ಮಂದಿ, ತಿದ್ದಿದವರು ಇಬ್ಬರು.

ಈ ತಂಬೂರಿ ನಮ್ಮ ಶಾಲೆಗೆ ಬಂದದ್ದು ಊರಿನ ಒಬ್ಬ ಭಜನಿ ಅಜ್ಜನ ಮನೆಯಿಂದ. ಅಕ್ಕಲಕೋಟೆ ತಾಲೂಕಿನ ಈ ಭಾಗದಲ್ಲಿ ಅವರ ಕಂಠ ಕೇಳದ ಸಪ್ತಾಹ ಇರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಶರಣರ ವಚನ, ತತ್ವಪದ, ಮರಾಠಿ ಅಭಂಗ ಮೂರನ್ನೂ ಒಂದೇ ಬೈಠಕಿನಲ್ಲಿ ಹಾಡುತ್ತಿದ್ದರಂತೆ. ಗಡಿನಾಡಿನ ಕಂಠವೆಂದರೆ ಹಾಗೆಯೇ ಇರಬೇಕಲ್ಲವೆ? ಅವರು ತೀರಿಕೊಂಡ ಮೇಲೆ ಮನೆಯವರು ತಂಬೂರಿಯನ್ನು ಶಾಲೆಗೆ ಕೊಟ್ಟರು. ಮಿರಜಿನಲ್ಲಿ ಮಾಡಿದ್ದು, ಗಂಡಸರ ಅಳತೆಯದು. ನಿಲ್ಲಿಸಿದರೆ ಐದನೆಯ ಇಯತ್ತೆಯ ಮಕ್ಕಳಿಗಿಂತ ಎತ್ತರ. ಕೆಳಗಿನ ಘೋಡಿಯಿಂದ ಮೇಲಿನ ಎಲುಬಿನ ಪಟ್ಟಿಯವರೆಗೆ, ಅಂದರೆ ತಂತಿ ನಿಜವಾಗಿ ಕಂಪಿಸುವ ಉದ್ದವನ್ನು, ನಾವು ಅಳೆದಾಗ 95 ಸೆಂ.ಮೀ. ಬಂತು.

ತಂಬೂರಿಗೆ ನಾಲ್ಕು ತಂತಿ. ಮೊದಲನೆಯದು ಪಂಚಮ. ನಡುವಿನ ಎರಡು ಷಡ್ಜದವು. ಇವಕ್ಕೆ ಜೋಡಿ ಎನ್ನುತ್ತಾರೆ. ಕೊನೆಯದು ಅದೇ ಷಡ್ಜದ ಕೆಳಗಿನ ಸಪ್ತಕದ ದನಿ, ಖರ್ಜ. ಅಜ್ಜನ ಷಡ್ಜ ಕರಿ ಒಂದು. ಪೇಟಿಯ ಮೊದಲನೆಯ ಕರಿ ಮನೆ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಗಂಡಸರ ಕಂಠಕ್ಕೆ ಅದು ಹೇಳಿ ಮಾಡಿಸಿದ ಸ್ವರ.

ತೊಂದರೆ ಅಲ್ಲಿಯೇ ಇತ್ತು. ನಮ್ಮ ಬೆಳಗಿನ ಪ್ರಾರ್ಥನೆ ವರ್ಷಗಟ್ಟಲೆ ಕರಿ ಒಂದರಲ್ಲಿಯೇ ನಡೆಯಿತು. ದೊಡ್ಡ ಹುಡುಗರು ಆರಾಮವಾಗಿ ಹಾಡುತ್ತಿದ್ದರು. ಹುಡುಗಿಯರಿಗೂ ಐದು ಆರನೆಯ ಇಯತ್ತೆಯ ಚಿಕ್ಕವರಿಗೂ ಆ ಷಡ್ಜ ಬಹಳ ಕೆಳಗೆ. ಖರ್ಜದ ಕಡೆಗೆ ಇಳಿದ ಸಾಲು ಬಂದಾಗ ಅವರ ದನಿ ಗಂಟಲಲ್ಲಿಯೇ ಉಳಿಯುತ್ತಿತ್ತು. ತುಟಿ ಮಾತ್ರ ಅಲ್ಲಾಡುತ್ತಿತ್ತು. ನಮ್ಮ ಏಳು ಮಂದಿಯಲ್ಲಿ ನಾಲ್ವರು ಹುಡುಗಿಯರು, ಆದ್ದರಿಂದ ಇದನ್ನು ಸ್ವಂತ ಅನುಭವದಿಂದಲೇ ಬರೆಯುತ್ತಿದ್ದೇವೆ. ‘ಹುಡುಗಿಯರು ಪ್ರಾರ್ಥನೆಯಲ್ಲಿ ದನಿ ತೆಗೆಯುವುದಿಲ್ಲ’ ಎಂಬ ಮಾತು ಮಾತ್ರ ಪ್ರತಿ ವರ್ಷ ಕೇಳಿಬರುತ್ತಿತ್ತು. ಇದಲ್ಲದೆ ತಂತಿಗಳಿಗೆ ತುಕ್ಕು ಹಿಡಿದಿತ್ತು. ತುಕ್ಕು ಹಿಡಿದ ತಂತಿ ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ; ಅದರಿಂದ ಹೊರಡುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಎಷ್ಟು ಕಿವಿ ತಿರುಹಿದರೂ ಅದು ಕೂಡುವುದಿಲ್ಲ. (ತಂಬೂರಿಯ ಕಿವಿ ಎಂದೇ ಅರ್ಥ!)

ತಂಬೂರಿಯನ್ನು ಗಾಜಿನ ಕಪಾಟಿನಲ್ಲಿ ಇಟ್ಟು, ಮೊಬೈಲಿನ ತಂಬೂರಿಯನ್ನು ಧ್ವನಿವರ್ಧಕಕ್ಕೆ ಜೋಡಿಸಿ ಪ್ರಾರ್ಥನೆ ನಡೆಸೋಣ ಎಂಬ ಸಲಹೆ ಪಾಲಕರ ಸಭೆಯಲ್ಲಿ ಬಂತು. ನಾವು ಅದನ್ನು ಹಗುರವಾಗಿ ಕಾಣುವುದಿಲ್ಲ. ವಿದ್ಯುತ್ ತಂಬೂರಿ ನಮ್ಮ ಬೆಂಗಳೂರಿನಲ್ಲಿಯೇ 1979ರಲ್ಲಿ ತಯಾರಾದದ್ದು. ಇಂದು ದೊಡ್ಡ ದೊಡ್ಡ ಗವಾಯಿಗಳ ಹಿಂದೆಯೂ ಅದು ಕುಳಿತಿರುತ್ತದೆ. ಗುಂಡಿ ಒತ್ತಿದರೆ ಯಾವ ಕಂಠಕ್ಕೆ ಬೇಕಾದರೂ ಷಡ್ಜ ಕೊಡುತ್ತದೆ, ತುಕ್ಕು ಹಿಡಿಯುವುದಿಲ್ಲ. ಆದರೆ ಗಾಜಿನ ಕಪಾಟು ಎಂದಾಗ ಅಕ್ಕೋರ ಮುಖ ಇಳಿಯಿತು. “ಕಪಾಟಿನ್ಯಾಗ ಇಟ್ಟ ತಂಬೂರಿ ಒಂದ್ ವರ್ಷದಾಗ ಕಟಗಿ ಆಗ್ತದ. ಮೊದಲ ತಂತಿ ಹಾಕಿ ನೋಡೋಣು” ಎಂದರು. ದಸರೆ ರಜೆ ಮುಗಿದ ಮೇಲೆ ಈ ವಿಷಯವನ್ನು ತೀರ್ಮಾನಿಸುವುದೆಂದು ಸಭೆ ಗಡುವು ಕೊಟ್ಟಿತು.

ಇದ್ದ ತಂತಿಯನ್ನೇ ಬಿಗಿದು ಷಡ್ಜವನ್ನು ಏರಿಸಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ನಮ್ಮಲ್ಲಿಯೂ ಒಬ್ಬ ಕೇಳಿದ. ವಿಜ್ಞಾನದ ಸರ್ ಉತ್ತರ ಹೇಳುವ ಬದಲು ಪ್ರಯೋಗಶಾಲೆಯಿಂದ ಸೊನೋಮೀಟರನ್ನು ಹೊರಗೆ ತೆಗೆದರು. ಫ್ರಾನ್ಸಿನ ಮರ್ಸೆನ್ ಎಂಬ ಪಾದ್ರಿ 1636ರಲ್ಲಿ ಅಚ್ಚು ಹಾಕಿಸಿದ ನಿಯಮ ಇಂದಿಗೂ ಬದಲಾಗಿಲ್ಲ. ತಂತಿಯ ಉದ್ದವನ್ನು ಅರ್ಧ ಮಾಡಿದರೆ ಆವೃತ್ತಿ ಇಮ್ಮಡಿಯಾಗುತ್ತದೆ. ಅದೇ ಲೋಹದ ಅರ್ಧ ದಪ್ಪದ ತಂತಿ ಹಾಕಿದರೂ ಇಮ್ಮಡಿಯಾಗುತ್ತದೆ. ಆದರೆ ಬಿಗಿತದಿಂದ ಇಮ್ಮಡಿ ಮಾಡಬೇಕಾದರೆ ಬಿಗಿತ ನಾಲ್ಕು ಪಟ್ಟು ಬೇಕು. ತೂಕದ ಬಟ್ಟುಗಳನ್ನು ಒಂದೊಂದಾಗಿ ಏರಿಸುತ್ತ ಇದನ್ನು ಕಣ್ಣಾರೆ ಕಂಡೆವು.

ಇನ್ನು ನಮ್ಮ ಲೆಕ್ಕ. ಕರಿ ಒಂದರ ಷಡ್ಜಕ್ಕೆ ಸೆಕೆಂಡಿಗೆ ಸುಮಾರು 139 ಕಂಪನ. ಹುಡುಗಿಯರು ಕರಿ ನಾಲ್ಕು ಬೇಕೆಂದರು. ಕಂಠ ಒಡೆದ ಹುಡುಗರು ಕರಿ ಒಂದನ್ನು ಬಿಡಲಾರೆವೆಂದರು. ಎರಡು ದಿನದ ವಾದವಾದ ಮೇಲೆ ಕರಿ ಮೂರಕ್ಕೆ ಒಪ್ಪಂದವಾಯಿತು. ಅದಕ್ಕೆ 185 ಕಂಪನ. ಅನುಪಾತ ಒಂದಕ್ಕೆ ಒಂದೂ ಕಾಲು ಚಿಲ್ಲರೆ, ಅಂದರೆ 1.33. ಅದರ ವರ್ಗ 1.78. ಹಳೆಯ ತಂತಿಗಳನ್ನೇ ಬಿಗಿದರೆ ಪ್ರತಿಯೊಂದರ ಬಿಗಿತವೂ ಮುಕ್ಕಾಲು ಪಾಲಿಗಿಂತ ಹೆಚ್ಚು ಏರುತ್ತದೆ. ಮೊದಲು ನಾಲ್ಕೂ ತಂತಿ ಸೇರಿ ಎಳೆಯುತ್ತಿದ್ದ ಭಾರ ನಮ್ಮ ಲೆಕ್ಕಕ್ಕೆ ಸುಮಾರು 24 ಕಿಲೋ. ಬಿಗಿದರೆ 42 ಕಿಲೋ. ಎಷ್ಟೋ ವರ್ಷಗಳ ಹಿಂದಿನ ಕುಂಬಳದ ಬುರುಡೆ, ಅದರ ಮೇಲೆ ತೆಳ್ಳನೆಯ ಕಟ್ಟಿಗೆಯ ತಬಲಿ. ಅದರ ಮೇಲೆ ಒಂದು ಜೋಳದ ಚೀಲದ ಅರ್ಧದಷ್ಟು ಎಳೆತ ಹೇರುವ ಧೈರ್ಯ ಯಾರಿಗೂ ಬರಲಿಲ್ಲ.

ಆದ್ದರಿಂದ ದಪ್ಪವನ್ನು ಇಳಿಸಬೇಕು. ತಂತಿಯ ದಪ್ಪಕ್ಕೆ ಗೇಜ್ ನಂಬರು ಇರುತ್ತದೆ. ನಂಬರು ಏರಿದಂತೆ ತಂತಿ ಸಣ್ಣದಾಗುತ್ತದೆ. ಹಳೆಯ ಜೋಡಿ 28ನೇ ನಂಬರಿನ ಉಕ್ಕು, ದಪ್ಪ 0.376 ಮಿ.ಮೀ. 30ನೇ ನಂಬರಿಗೆ 0.315, 32ನೇ ನಂಬರಿಗೆ 0.274. ಒಂದು ಕೂದಲೆಳೆಯಷ್ಟು ವ್ಯತ್ಯಾಸ. ಆದರೆ ಕರಿ ಮೂರಕ್ಕೆ ಏರಿಸಿದಾಗ 28ರ ಒಂದು ತಂತಿ 11 ಕಿಲೋ ಎಳೆದರೆ, 30 ಎಂಟು ಕಿಲೋದೊಳಗೆ, 32 ಆರು ಕಿಲೋದೊಳಗೆ ಮುಗಿಸುತ್ತದೆ.

ಈ ಲೆಕ್ಕದಲ್ಲಿ ನಮಗೆ ತುಂಬ ಸೋಜಿಗವೆನಿಸಿದ ಸಂಗತಿ ಬೇರೆ. ಸಣ್ಣ ತಂತಿ ಬೇಗ ಹರಿಯುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ತಂಬೂರಿಯ ಮಟ್ಟಿಗೆ ಅದು ಸರಿಯಲ್ಲ. ತಂತಿ ಸಣ್ಣದಾದಷ್ಟೂ ಅದೇ ಸ್ವರಕ್ಕೆ ಬೇಕಾದ ಬಿಗಿತವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಹೀಗಾಗಿ ಒಂದು ಉದ್ದದ ತಂತಿ ಯಾವ ಸ್ವರಕ್ಕೆ ಹರಿಯುತ್ತದೆ ಎಂಬುದನ್ನು ದಪ್ಪ ನಿರ್ಧರಿಸುವುದಿಲ್ಲ, ಲೋಹ ನಿರ್ಧರಿಸುತ್ತದೆ. ಅಜ್ಜನ ತಂಬೂರಿಯಲ್ಲಿ ಪಂಚಮಕ್ಕೆ ಹಿತ್ತಾಳೆಯ ತಂತಿ ಇತ್ತು. ಗಂಡಸರ ತಂಬೂರಿಯಲ್ಲಿ ಹಾಗೆ ಹಾಕುವುದುಂಟು, ದನಿ ಮೆತ್ತಗೆ ಬರುತ್ತದೆ. ಹೆಂಗಸರ ತಂಬೂರಿಯಲ್ಲಿ ಮೊದಲ ಮೂರೂ ಉಕ್ಕು, ಖರ್ಜ ಮಾತ್ರ ಹಿತ್ತಾಳೆ ಅಥವಾ ಕಂಚು. ಇದು ಬರೀ ರೂಢಿಯೆಂದು ಭಾವಿಸಿದ್ದೆವು. ಲೆಕ್ಕ ಹಾಕಿದಾಗ, ಷಡ್ಜ ಮೇಲಕ್ಕೆ ಹೋದರೆ ಪಂಚಮದ ಹಿತ್ತಾಳೆ ತನ್ನ ತಾಳಿಕೆಯ ಅಂಚಿಗೆ ಬರುತ್ತದೆ ಎಂದು ಗೊತ್ತಾಯಿತು. ಸರ್ ಒಂದು ಹಿತ್ತಾಳೆಯ ತುಂಡನ್ನು ಉದ್ದನೆಯ ಹಲಗೆಗೆ ಕಟ್ಟಿ ಬಿಗಿಯುತ್ತ ಹೋದರು. ನಾವೆಲ್ಲ ದೂರ ನಿಂತೆವು. ಪೇಟಿಯ ಸ್ವರ ಮುಟ್ಟುವ ಮೊದಲೇ ಅದು ಟಣ್ಣೆಂದು ಹರಿಯಿತು. ಪಟ್ಟಿಯಲ್ಲಿ ಪಂಚಮದ ಮುಂದೆ ‘ಉಕ್ಕು’ ಎಂದು ಬರೆದೆವು.

ಈ ಚಿಂತೆ ನಮ್ಮ ದೇಶದ ವಾದ್ಯಗಳಿಗೆ ಮಾತ್ರವೆಂದಲ್ಲ. ಪಿಟೀಲಿನ ಹಿರಿಯಣ್ಣನಂತಿರುವ ಚೆಲ್ಲೋ ಎಂಬ ವಾದ್ಯ ಯುರೋಪಿನಲ್ಲಿದೆ. ಕುರ್ಚಿಯ ಮೇಲೆ ಕುಳಿತು ಮೊಣಕಾಲಿನ ನಡುವೆ ಹಿಡಿದು ಕಮಾನಿನಿಂದ ಬಾರಿಸುತ್ತಾರೆ. ಅದರ ತಂತಿ ನಮ್ಮದಕ್ಕಿಂತ ಮೋಟು, ಸುಮಾರು 70 ಸೆಂ.ಮೀ. ಆದರೂ ಅದರ ಕೆಳಗಿನ ತಂತಿಯ ಕಂಪನ 65, ಅಜ್ಜನ ಖರ್ಜದ 69ಕ್ಕಿಂತ ಕೆಳಗೆ! ಮೊದಲು ಅವರು ಕುರಿಯ ಕರುಳಿನ ನರಗಳನ್ನು ಹೊಸೆದು ತಂತಿ ಮಾಡುತ್ತಿದ್ದರು. ಕೆಳಗಿನ ಸ್ವರಕ್ಕೆ ಅದು ಹಗ್ಗದಷ್ಟು ದಪ್ಪವಾಗಿ ದನಿ ಮಂಕಾಗುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಕರುಳಿನ ಮೇಲೆ ಲೋಹದ ಸಣ್ಣ ಎಳೆಯನ್ನು ಸುತ್ತುವ ಉಪಾಯ ಬಂತು. ತೂಕ ಏರಿತು, ಬಿರುಸು ಏರಲಿಲ್ಲ. ಈಗ ಉಕ್ಕಿನ ಹುರಿಯ ಮೇಲೆ ಟಂಗ್‌ಸ್ಟನ್ ಸುತ್ತಿದ ತಂತಿಗಳೂ ಇವೆ. ಯಾವ ತಂತಿ ಹಾಕಿದರೆ ತನ್ನ ಚೆಲ್ಲೋದ ಗೊಗ್ಗರು ಹೋಗುತ್ತದೆ, ಯಾವುದು ಹಾಕಿದರೆ ಕೀರಲಾಗುತ್ತದೆ ಎಂದು ಅಲ್ಲಿನ ವಾದಕರೂ ತಲೆ ಕೆಡಿಸಿಕೊಳ್ಳುತ್ತಾರೆ.

ಮಿರಜಿಗೆ ಹೋಗುವ ಮೊದಲು ಒಂದು ಕೆಲಸ ಇತ್ತು. ಅಜ್ಜನ ಮನೆಯಲ್ಲಿ ಅಜ್ಜಿ ಇದ್ದಾರೆ. ಅವರನ್ನು ಕೇಳದೆ ತಂತಿ ಬದಲಿಸುವುದು ಸರಿಯಲ್ಲವೆಂದು ಅಕ್ಕೋರು ಹೇಳಿದರು. ತುಕ್ಕಿನ ತಂತಿ ತೆಗೆದು ಹೊಸದು ಹಾಕುವುದಷ್ಟೇ ಆಗಿದ್ದರೆ ಕೇಳುವ ಅಗತ್ಯವಿರಲಿಲ್ಲ. ನಾವು ಬದಲಿಸಲು ಹೊರಟದ್ದು ಅಜ್ಜನ ಷಡ್ಜವನ್ನು. ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದ ಅಜ್ಜಿ ಎಲ್ಲವನ್ನೂ ಕೇಳಿ, ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ನಾನೂ ಹಾಡ್ತಿದ್ನವಾ. ಅವರ ಪಟ್ಟಿಗೆ ನನ್ನ ದನಿ ಕೂಡ್ತಿದ್ದಿಲ್ಲ. ಬೀಸೂ ಕಲ್ಲಿನ ಮುಂದ ಹಾಡ್ಕೊಂಡೆ” ಎಂದರು. ನಮ್ಮ ಗೆಳತಿಯರ ಕಡೆ ನೋಡಿ, “ಹಾಕ್ರಿ” ಎಂದಷ್ಟೇ ಅಂದು ಮತ್ತೆ ಶೇಂಗಾಕ್ಕೆ ಕೈ ಹಾಕಿದರು.

ಸೊಲ್ಲಾಪುರದಿಂದ ಮಿರಜಿಗೆ ಎಸ್.ಟಿ. ಗಾಡಿ ಮಂಗಳವೇಢೆ, ಸಾಂಗೋಲೆಯ ಮೇಲೆ ಹೋಗುತ್ತದೆ. ಭೀಮೆಯನ್ನು ದಾಟುವಾಗ ಅಕ್ಕೋರು ಹೇಳಿದ ಮಾತು ನಮಗೆ ಹೊಸದು. ಮಿರಜಿನ ತಂಬೂರಿ ಸಿತಾರುಗಳ ಬುರುಡೆಗೆ ಬೇಕಾದ ಕುಂಬಳ ಬೆಳೆಯುವುದು ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿಯೇ, ಪಂಢರಪುರದ ಕಡೆಯ ಹೊಲಗಳಲ್ಲಿ. ಪಲ್ಯಕ್ಕೆ ಬಾರದ ಕಹಿ ಜಾತಿ, ಸಿಪ್ಪೆ ದಪ್ಪ. ಬಳ್ಳಿಯಲ್ಲಿಯೇ ಬಲಿತು ಒಣಗಿದ ಮೇಲೆ ಕೊಯ್ದು ಒಯ್ಯುತ್ತಾರೆ. ಹೆಸರು ಮಿರಜಿನದು, ಹೊಟ್ಟೆ ನಮ್ಮದು ಎಂದು ಗಾಡಿಯಲ್ಲಿ ನಗೆಯಾಡಿದೆವು.

ಮಿರಜಿನಲ್ಲಿ ಈ ಕಸುಬು ಬೆಳೆಸಿದವರು ಶಿಕಲಗಾರರು. ಶಿಕಲಗಾರ ಎಂದರೆ ಕತ್ತಿ ಗುರಾಣಿಗಳನ್ನು ಮಸೆದು ಹೊಳಪು ಕೊಡುವವನು. ಸಂಸ್ಥಾನಗಳ ಕಾಳಗ ನಿಂತಮೇಲೆ ಕತ್ತಿಗೆ ಗಿರಾಕಿ ಇಲ್ಲವಾಯಿತು. 1850ರ ಸುಮಾರಿಗೆ ಫರೀದಸಾಹೇಬರು ಮೊದಲಾದವರು ವಾದ್ಯಗಳ ಕಡೆ ಹೊರಳಿದರು. ಮಿರಜಿನ ಪಟವರ್ಧನ ಅರಸರ ಆಶ್ರಯ ದೊರೆಯಿತು. ನಮ್ಮ ಅಕ್ಕಲಕೋಟೆ ಅರಮನೆಯ ಶಸ್ತ್ರಾಗಾರವನ್ನು ಸಹಲಿಗೆ ಹೋಗಿ ನೋಡಿದವರಿಗೆ, ಅಂಥ ಆಯುಧಗಳನ್ನು ಮಸೆದ ಕೈಗಳೇ ತಂಬೂರಿಯ ಘೋಡಿಯನ್ನು ಮಸೆದವೆಂದರೆ ನಂಬುವುದು ಕಷ್ಟ. ಮುಂದೆ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿಯೇ ನೆಲೆಸಿದರು. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಹುಡುಗನಾಗಿದ್ದಾಗ ಮಿರಜಿನ ನೀಲಕಂಠಬುವಾ ಅವರ ಬಳಿ ಕಲಿತರು. 2024ರಲ್ಲಿ ಮಿರಜಿನ ಸಿತಾರು, ತಂಬೂರಿಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರಕಿತು.

ನಾವು ಹೋದ ಅಂಗಡಿಯ ಉಸ್ತಾದರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ನಮ್ಮ ಲೆಕ್ಕದ ಕಾಗದವನ್ನು ಕೈಗೆ ಕೊಟ್ಟಾಗ ಅವರು ಅದನ್ನು ಓದದೆ ಪಕ್ಕಕ್ಕಿಟ್ಟು, ತಂಬೂರಿಯ ತಬಲಿಯನ್ನು ಬೆರಳ ಗಂಟಿನಿಂದ ಎರಡು ಮೂರು ಕಡೆ ತಟ್ಟಿ ಕಿವಿಗೊಟ್ಟರು. ಬಳಿಕ, “ಷಡ್ಜ ಎಷ್ಟಕ್ಕ ಬೇಕು?” ಎಂದರು. ಕರಿ ಮೂರು ಎಂದೆವು. “ಜೋಡಿಗೆ ಮೂವತ್ತು, ಪಂಚಮಕ್ಕ ಇಪ್ಪತ್ತೆಂಟು, ಖರ್ಜಕ್ಕ ಹಿತ್ತಾಳಿ ಇಪ್ಪತ್ನಾಲ್ಕು.” ನಮ್ಮ ಕಾಗದದಲ್ಲಿ ಪಂಚಮ ಮತ್ತು ಖರ್ಜಕ್ಕೆ ಅದೇ ನಂಬರು ಇತ್ತು. ಸರ್ ನಗುತ್ತ ಕಾಗದವನ್ನು ಮಡಿಸಿದರು.

ಜೋಡಿಗೆ ಮಾತ್ರ ನಾವು 32 ಬರೆದಿದ್ದೆವು, ಏಕೆಂದರೆ ಭಾರ ಅದರಲ್ಲಿಯೇ ಕಡಿಮೆ. ಉಸ್ತಾದರು ಅದನ್ನೂ ಹಾಕಿ ತೋರಿಸಿದರು. ಸ್ವರ ಸರಿಯಾಗಿ ಹತ್ತಿತು, ಆದರೆ ದನಿ ತಗಡಿನಂತೆ ಬಂತು. ದೊಡ್ಡ ಬುರುಡೆಯ ಹೊಟ್ಟೆ ಎಚ್ಚರಗೊಳ್ಳಲೇ ಇಲ್ಲ. 30 ಹಾಕಿದಾಗ ಆ ಚಿಕ್ಕ ಅಂಗಡಿ ತುಂಬಿತು. ದೊಡ್ಡ ಬುರುಡೆಯನ್ನು ಅಲ್ಲಾಡಿಸಲು ತಂತಿಗೂ ಕೊಂಚ ತೂಕ ಬೇಕು. ನಾಲ್ಕೂ ಸೇರಿ ಎಳೆತ 28 ಕಿಲೋ. ಹಳೆಯದಕ್ಕಿಂತ ನಾಲ್ಕು ಕಿಲೋ ಹೆಚ್ಚು. ತಬಲಿ ಅಷ್ಟನ್ನು ತಡೆಯುತ್ತದೆಂದು ತಟ್ಟಿ ನೋಡಿದ ಬೆರಳು ಹೇಳಿತ್ತು. ಈ ಉಕ್ಕಿನ ತಂತಿ ಜರ್ಮನಿಯ ರೋಸ್ಲಾವ್ ಎಂಬ ಊರಿನದಂತೆ. ಪಿಯಾನೋಗಳಿಗೂ ಅದನ್ನೇ ಬಳಸುತ್ತಾರೆ. ಬೆಲೆ ನಮ್ಮ ಬಸ್ಸಿನ ಚಾರ್ಜಿಗಿಂತ ಕಡಿಮೆ. ಒಂದು ಜೊತೆ ಹೆಚ್ಚಿಗೆ ಕೊಂಡೆವು.

ತಂತಿ ಹಾಕಿದರೆ ಕೆಲಸ ಮುಗಿಯಲಿಲ್ಲ, ಅರ್ಧವಾಯಿತು ಅಷ್ಟೆ. ತಂಬೂರಿಯ ಘೋಡಿ ಪಿಟೀಲಿನದರಂತೆ ಚೂಪಾಗಿರದೆ ಅಗಲವಾಗಿ, ತುಸು ಬಾಗಿ ಇರುತ್ತದೆ. ತಂತಿ ಅದರ ಬೆನ್ನ ಮೇಲೆ ಮುಟ್ಟಿ ಮುಟ್ಟದಂತೆ ಒರಗಿ ನಡುಗುತ್ತದೆ. ಆ ಬಾಗನ್ನು ಸರಿಗೊಳಿಸುವುದೇ ಜವಾರಿ. ತಂತಿಯ ದಪ್ಪ ಬದಲಾದರೆ ಜವಾರಿಯೂ ಬದಲಾಗಬೇಕು. ಉಸ್ತಾದರು ಸಣ್ಣ ಅರದಿಂದ ಒಂದೆರಡು ಸಲ ಉಜ್ಜುವುದು, ತಂತಿ ಏರಿಸುವುದು, ಕೇಳುವುದು, ಮತ್ತೆ ಇಳಿಸುವುದು. ಹೀಗೆ ಮಧ್ಯಾಹ್ನವೆಲ್ಲ ನಡೆಯಿತು. ಕೊನೆಗೆ ಪ್ರತಿ ತಂತಿಯ ಕೆಳಗೆ ನೂಲಿನ ಎಳೆ ಸೇರಿಸಿದರು. ಇದಕ್ಕೆ ಜೀವ ಎಂದೇ ಹೆಸರು. ನೂಲು ನಾವೇ ಒಯ್ದಿದ್ದೆವು. ನಮ್ಮ ಗೆಳೆಯನೊಬ್ಬನ ತಂದೆ ಸೊಲ್ಲಾಪುರದಲ್ಲಿ ಟವೆಲ್ ಮಗ್ಗದ ಮೇಲೆ ಕೆಲಸ ಮಾಡುತ್ತಾರೆ. ಎಳೆಯನ್ನು ಸರಿಸುತ್ತ ಹೋದಂತೆ ಒಂದು ಜಾಗದಲ್ಲಿ, ಅಲ್ಲಿಯವರೆಗೆ ಬರೀ ಟಂಯ್ ಎನ್ನುತ್ತಿದ್ದ ತಂತಿಯಿಂದ ಜೇನುಹುಳುಗಳ ಹಿಂಡು ಎದ್ದಂತೆ ದನಿ ಹೊರಟಿತು.

ಇದು ಏಕೆ ಹೀಗೆ ಎಂದು ಮೊದಲು ಶೋಧಿಸಿದವರು ನಮ್ಮ ಸಿ. ವಿ. ರಾಮನ್ನರು. ನೊಬೆಲ್ ಬಹುಮಾನ ಬರುವುದಕ್ಕೆ ಮುಂಚೆ, 1921ರಲ್ಲಿ, ಅವರು ತಂಬೂರಿ ಮತ್ತು ವೀಣೆಗಳ ಮೇಲೆ ಒಂದು ಪ್ರಬಂಧ ಬರೆದರು. ತಂತಿಯನ್ನು ನಟ್ಟನಡುವೆ ಮಿಡಿದರೆ ಅದರ ಎರಡನೆಯ ಉಪಸ್ವರ ಹುಟ್ಟಬಾರದು ಎಂಬುದು ಪಶ್ಚಿಮದವರು ಕಂಡ ನಿಯಮ. ತಂಬೂರಿಯಲ್ಲಿ ಅದು ಹುಟ್ಟುತ್ತದೆ. ಬಾಗಿದ ಘೋಡಿಯೂ ನೂಲೂ ಆ ನಿಯಮವನ್ನು ಮುರಿಯುತ್ತವೆ ಎಂದು ರಾಮನ್ ತೋರಿಸಿದರು. ಊರಿಗೆ ಬಂದಮೇಲೆ ನಾವೂ ಖರ್ಜವನ್ನು ಸರಿಯಾಗಿ ನಡುವೆ ಮಿಡಿದು ನೋಡಿದೆವು. ನೂಲು ಇದ್ದಾಗ ಮೇಲಿನ ಷಡ್ಜ ಸ್ಪಷ್ಟವಾಗಿ ಕೇಳುತ್ತದೆ. ಎಳೆ ತೆಗೆದರೆ ಮಸುಕಾಗುತ್ತದೆ. ಪ್ರಯೋಗಕ್ಕೆ ಖರ್ಚು ಏನೂ ಇಲ್ಲ. ಯಾವ ಶಾಲೆಯವರು ಬೇಕಾದರೂ ಮಾಡಬಹುದು.

ದಸರೆ ಮುಗಿದ ಮೊದಲ ಸೋಮವಾರ ಪ್ರಾರ್ಥನೆ ಕರಿ ಮೂರರಲ್ಲಿ ನಡೆಯಿತು. ಮೊದಲ ಸಾಲಿಗೇ ಚಿಕ್ಕವರ ಕಡೆಯಿಂದ ಇಷ್ಟು ದನಿ ಎದ್ದಿತೆಂದರೆ ಮುಂದೆ ನಿಂತಿದ್ದ ಮುಖ್ಯಗುರುಗಳು ಹಿಂದಿರುಗಿ ನೋಡಿದರು. ಕಂಠ ಒಡೆದ ಹುಡುಗರು ತಾರ ಷಡ್ಜದಲ್ಲಿ ಒದ್ದಾಡಿದ್ದು ನಿಜ; ಅವರಿಗೆ ಅಕ್ಕೋರು ಆ ಜಾಗದಲ್ಲಿ ಕೆಳಗಿನ ದನಿ ಹಿಡಿಯಲು ಹೇಳಿಕೊಟ್ಟಿದ್ದಾರೆ. ಗಾಜಿನ ಕಪಾಟಿನ ಮಾತು ಮುಂದಿನ ಸಭೆಯಲ್ಲಿ ಬರಲಿಲ್ಲ.

ಅಜ್ಜಿಯನ್ನು ಒಂದು ದಿನ ಕರೆತಂದು ಕೇಳಿಸಿದೆವು. ಅವರಿಗೆ ತೋರಿಸಬೇಕೆಂದು ನಾವು ಕಾಯ್ದಿದ್ದ ಸಂಗತಿ ಒಂದಿತ್ತು. ಷಡ್ಜ ಕರಿ ಮೂರಾದರೆ ಅದರ ಕೆಳಗಿನ ಪಂಚಮ ಯಾವುದು? ಪೇಟಿಯ ಮೇಲೆ ಬೆರಳಿಟ್ಟು ಎಣಿಸಿ ನೋಡಿ: ಅದು ಕರಿ ಒಂದು. ಅಜ್ಜನ ಜೋಡಿಯ ಸ್ವರವೇ ಈಗ ಮೊದಲ ತಂತಿಯಾಗಿದೆ. ತಂತಿಯ ನಂಬರು ಕೂಡ ಅದೇ 28, ಅದೇ ಉಕ್ಕು. ಅಕ್ಕೋರು ಆ ಒಂದು ತಂತಿಯನ್ನಷ್ಟೇ ಮಿಡಿದು, “ಅಮ್ಮಾ, ಇದು ಅವರದ” ಎಂದರು. ಅಜ್ಜಿ, “ಹೌದೇನು?” ಎಂದು ಸೆರಗಿನ ತುದಿಯಿಂದ ಕುಂಬಳದ ಬುರುಡೆಯ ಧೂಳು ಒರೆಸಿದರು. ಉಳಿದ ಮೂರನ್ನೂ ಬಾರಿಸಲು ಹೇಳಿದರು. ಹಾಡಲು ಎಷ್ಟು ಒತ್ತಾಯಿಸಿದರೂ ಆ ದಿನ ಹಾಡಲಿಲ್ಲ.

ನಮ್ಮ ಹಿಂದೆ ಬರುವ ತರಗತಿಯವರಿಗೆ ಎರಡು ಮಾತು ಬರೆದಿಡುತ್ತೇವೆ. ತಂತಿ ಬದಲಿಸುವಾಗ ಒಂದನ್ನು ತೆಗೆದು ಒಂದನ್ನು ಹಾಕಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಘೋಡಿ ಸರಿಯುತ್ತದೆ. ಬಾರಿಸಿದ ಮೇಲೆ ಒಣ ಬಟ್ಟೆಯಿಂದ ಬೆವರು ಒರೆಸಿ. ಸೊಲ್ಲಾಪುರದ ಬೇಸಿಗೆಯಲ್ಲಿ ಉಕ್ಕು ಕಾಯ್ದು ಹಿಗ್ಗುವುದರಿಂದ ಬೆಳಿಗ್ಗೆ ಕೂಡಿಸಿದ ಜೋಡಿ ಹನ್ನೊಂದಕ್ಕೆ ಇಳಿದಿರುತ್ತದೆ. ಅದಕ್ಕೆ ಕಿವಿ ತಿರುಹಬೇಡಿ, ಘೋಡಿಯ ಹಿಂದಿನ ಮಣಿ ಸರಿಸಿದರೆ ಸಾಕು. ಹೆಚ್ಚಿನ ತಂತಿಗಳು ಪ್ರಯೋಗಶಾಲೆಯ ಎರಡನೆಯ ಕಪಾಟಿನಲ್ಲಿ, ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ, ಬಿಸ್ಕೀಟಿನ ಡಬ್ಬಿಯಲ್ಲಿವೆ. ನಂಬರುಗಳನ್ನು ಮುಚ್ಚಳದ ಮೇಲೆ ಬರೆದಿದ್ದೇವೆ.